‘ಕೊನೆಯ ದಾಖಲೆ’ ಒಂದು ಸಾಲಿನ ಕೆಲಸವಲ್ಲ

ಸಂಪಾದಕರಿಗೆ ನಮಸ್ಕಾರ.

ಡೇಟಾಬೇಸ್‌ನಿಂದ ಕೊನೆಯ ದಾಖಲೆ ತರುವುದು ಒಂದು ಸಾಲಿನ ಕೆಲಸ ಎಂದು ನಿಮ್ಮ ತಂತ್ರಜ್ಞಾನ ಪುಟದಲ್ಲಿ ಓದಿದೆ. ಹಾಗೇ ನಂಬಿ ಪೆಟ್ಟು ತಿಂದವಳು ನಾನು, ಅದಕ್ಕೇ ಈ ಪತ್ರ.

ಇಡೀ ಟೇಬಲ್‌ಗೆ ಒಂದೇ ದಾಖಲೆ ಸಾಕೆಂದರೆ ಸರಿ, ಒಂದು ಸಾಲಿನ ಕೋಡ್ ಸಾಕು. ನನಗೆ ಬೇಕಿದ್ದದ್ದು ಪ್ರತಿ ಗ್ರಾಹಕರ ಕೊನೆಯ ದೂರು. ಗ್ರಾಹಕರ ಪ್ರಕಾರ ಗುಂಪು ಮಾಡಲು ಗ್ರೂಪ್ ಬೈ ಹಾಕಿದೆ, ಮ್ಯಾಕ್ಸ್‌ನಿಂದ ಕೊನೆಯ ತಾರೀಖು ತೆಗೆದೆ, ಪಕ್ಕದಲ್ಲಿ ‘ಸ್ಥಿತಿ’ ಕಾಲಮ್ಮನ್ನೂ ಸುಮ್ನೆ ಸೇರಿಸಿದೆ. ಒಬ್ಬರ ಹೆಸರಿನ ಮುಂದೆ ‘ಮಾರ್ಚ್ 14, ಬಗೆಹರಿದಿದೆ’ ಎಂದು ಬಂತು. ತಾರೀಖು ಸರಿಯೇ. ಆದರೆ ಬಗೆಹರಿದದ್ದು ಜನವರಿಯ ದೂರು! ಮಾರ್ಚಿನದು ಹಾಗೇ ಬಿದ್ದಿತ್ತು. ರುಂಡ ಮಾರ್ಚಿನದು, ಮುಂಡ ಜನವರಿಯದು. ತಾರೀಖು ಹೊಸದಾಗಿ ಕಾಣುತ್ತಿತ್ತಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಕೊನೆಗೆ ಆ ಗ್ರಾಹಕರೇ ಫೋನ್ ಮಾಡಿ, ‘ಯಾವಾಗ ಬಗೆಹರಿಸಿದ್ರಿ ಹೇಳಿ ನೋಡೋಣ’ ಅಂದರು.

ಮ್ಯಾಕ್ಸ್ ದೊಡ್ಡ ತಾರೀಖನ್ನು ಮಾತ್ರ ಹುಡುಕುತ್ತದೆ. ಆ ತಾರೀಖು ಯಾವ ಸಾಲಿನಲ್ಲಿದೆ ಎಂಬುದು ಅದಕ್ಕೆ ಬೇಡ. ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಹಳೆಯ ಮೈಎಸ್‌ಕ್ಯೂಎಲ್. ಉಳಿದ ಕಾಲಮ್‌ಗೆ ಕೈಗೆ ಸಿಕ್ಕ ಸಾಲಿನಿಂದ ಮಾಹಿತಿ ತುಂಬಿಬಿಡುತ್ತಿತ್ತು. 2015ರಲ್ಲಿ ಬಂದ ಅದರ 5.7 ಆವೃತ್ತಿಯಿಂದ ಇಂಥ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಕೊಟ್ಟರೆ, ಸೆಟ್ಟಿಂಗ್ ಬದಲಿಸದೇ ಇದ್ದರೆ, ಎರರ್ ಬರುತ್ತದೆ. ಆಗ ಆ ಎರರ್ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಅಲ್ವಾ.

ಈಗ ನಾನು ಸಾಲುಗಳಿಗೆ ಕ್ರಮವಾಗಿ ನಂಬರ್ ಹಾಕುವ ರೋ ನಂಬರ್ ಬಳಸುತ್ತೇನೆ. ಪಾರ್ಟಿಷನ್ ಬೈ ಎಂದು ಗ್ರಾಹಕರ ಪ್ರಕಾರ ಗುಂಪು ಮಾಡಿ, ಹೊಸ ತಾರೀಖು ಮೇಲೆ ಬರುವಂತೆ ಜೋಡಿಸಿ, 1 ಎಂದು ನಂಬರ್ ಬಿದ್ದ ಸಾಲನ್ನು ಪೂರ್ತಿ ಎತ್ತಿಕೊಳ್ಳುವುದು. ಮೈಎಸ್‌ಕ್ಯೂಎಲ್‌ಗೆ ಇದು ಬಂದದ್ದು 8.0ರಲ್ಲಿ, 2018ಕ್ಕೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ 2009ರಿಂದಲೇ ಇದೆ. ಗ್ರಾಹಕ ಮತ್ತು ತಾರೀಖು ಎರಡನ್ನೂ ಸೇರಿಸಿ ಒಂದು ಇಂಡೆಕ್ಸ್ (ಬೇಗ ಹುಡುಕಲು ಸೂಚಿ) ಇಟ್ಟರೆ ವೇಗವೂ ಸಿಗುತ್ತದೆ.

ಇಷ್ಟಾದರೂ ಒಂದು ತೊಡಕು. ಒಂದೇ ಸೆಕೆಂಡಿನಲ್ಲಿ ಎರಡು ದೂರು ದಾಖಲಾದರೆ? ಯಾವುದಕ್ಕೆ 1 ಬೀಳುತ್ತದೋ ಹೇಳಲಾಗದು. ಇವತ್ತು ಇದು, ನಾಳೆ ಅದು. ಜೋಡಿಸುವಾಗ ತಾರೀಖಿನ ಜೊತೆ ದೂರಿನ ಐಡಿಯನ್ನೂ (ಪ್ರತಿ ದೂರಿಗೂ ಬೇರೆಯೇ ಇರುವ ಗುರುತು) ಹಾಕಿ. ಮತ್ತೆ ಒಂದೂ ದೂರು ಕೊಡದ ಗ್ರಾಹಕರೂ ಪಟ್ಟಿಯಲ್ಲಿ ಇರಬೇಕೆಂದರೆ, ಗ್ರಾಹಕರೆಲ್ಲರನ್ನೂ ಉಳಿಸಿಕೊಂಡು ಅವರ ಪಕ್ಕ ದೂರು ಸೇರಿಸುವ ಲೆಫ್ಟ್ ಜಾಯಿನ್ ಬೇಕು. ಆಗ ‘ನಂಬರ್ 1’ ಎಂಬ ಷರತ್ತನ್ನು, ಸೇರಿಸಿ ಆದ ಮೇಲೆ ಸಾಲುಗಳನ್ನು ಸೋಸುವ ವೇರ್‌ನಲ್ಲಿ ಬರೆಯಬೇಡಿ, ಆ ಗ್ರಾಹಕರು ಮಾಯವಾಗುತ್ತಾರೆ. ಯಾವುದನ್ನು ಸೇರಿಸಬೇಕೆಂದು ಹೇಳುವ ಆನ್‌ನಲ್ಲೇ ಬರೆಯಿರಿ. ಇದನ್ನು ಕಲಿಯುವುದಕ್ಕೆ ನನಗೆ ಇನ್ನೊಂದು ಫೋನ್ ಬರಬೇಕಾಯಿತು.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು