ಕೈ ತೊಳೆಯುವ ಆ ಒಂದು ನಿಮಿಷ

ಕಳೆದ ಭಾನುವಾರ ನಮ್ಮ ಎಂಟು ವಾರಗಳ, ಈ ಕ್ಷಣದಲ್ಲಿ ಗಮನವಿಟ್ಟು ಇರುವುದನ್ನು ಕಲಿಸುವ ಮೈಂಡ್‌ಫುಲ್‌ನೆಸ್ ತರಬೇತಿ ಮುಗಿಯಿತು. ಥ್ಯಾಂಕ್ಸ್ ಹೇಳಬೇಕಾದವರು ಜಾಸ್ತಿ ಇದ್ದಾರೆ. ಎದುರು ನಿಂತು ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಾರವಾರದ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸ್ಟಾಫ್ ನರ್ಸ್. ಹನ್ನೊಂದು ವರ್ಷ ಆಯಿತು. ಹೆದ್ದಾರಿಯಲ್ಲಿ ಅಪಘಾತ ಆದವರು ನಮ್ಮಲ್ಲಿಗೆ ಬರುತ್ತಾರೆ. ತಲೆಗೆ ಜೋರು ಪೆಟ್ಟಾಗಿದ್ದರೆ ಗೋವಾಕ್ಕೋ ಮಂಗಳೂರಿಗೋ ಕಳಿಸಬೇಕು. ಕಳೆದ ಮಳೆಗಾಲದಲ್ಲಿ ಹಾಗೆ ಕಳಿಸಿದ ಹುಡುಗನೊಬ್ಬ ದಾರಿಯಲ್ಲೇ ಹೋಗಿಬಿಟ್ಟ. ಆಂಬುಲೆನ್ಸ್ ಬಾಗಿಲು ಹಾಕುವ ಮುಂಚೆ ಅವನ ಆಯಿ ನನ್ನ ಕೈ ಹಿಡಿದಿದ್ದರು. ಆಮೇಲೆ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ. ಎಲ್ಲರ ಮೇಲೂ ರೇಗತೊಡಗಿದೆ. ಒಂದು ದಿನ ಅಜ್ಜಿಯೊಬ್ಬರು ಎರಡನೇ ಸಲ ನೀರು ಕೇಳಿದ್ದಕ್ಕೆ ಗದರಿಬಿಟ್ಟೆ. ಅವರು ಸುಮ್ನೆ ಗೋಡೆ ಕಡೆ ಹೊರಳಿದರು. ಅಜ್ಜಿ, ನೀವು ಇದನ್ನು ಓದುತ್ತೀರೋ ಇಲ್ಲವೋ. ನನ್ನನ್ನು ಕ್ಷಮಿಸಿ.

ಕೆಲಸ ಬಿಡುವ ಅರ್ಜಿ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ನಮ್ಮ ಇನ್‌ಚಾರ್ಜ್ ಸಿಸ್ಟರ್ ಅದನ್ನು ಓದಿದರು, ಬೈಯಲಿಲ್ಲ. "ಎಂಟು ವಾರ ಇಟ್ಟುಕೋ, ಆಮೇಲೂ ಬೇಕು ಅನ್ನಿಸಿದರೆ ಕೊಡು" ಅಂದು ತರಬೇತಿಗೆ ಹೆಸರು ಬರೆಸಿದರು.

ಇದು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್-ಝಿನ್ ಅವರು ರೋಗಿಗಳಿಗಾಗಿ ಶುರುಮಾಡಿದ ಕ್ರಮ. ಈಗ ಡಾಕ್ಟರು, ನರ್ಸುಗಳಿಗೂ ಕಲಿಸುತ್ತಾರೆ. ಮೊದಲ ದಿನ ಒಂದೇ ಒಂದು ಒಣದ್ರಾಕ್ಷಿ ಕೊಟ್ಟರು. ನೋಡಿ, ಮೂಸಿ, ನಿಧಾನಕ್ಕೆ ತಿನ್ನಿ ಅಂದರು. ನಿಂತಲ್ಲೇ ಐದು ನಿಮಿಷಕ್ಕೆ ಊಟ ಮುಗಿಸುವ ನನಗೆ ಅದನ್ನು ಅಗಿಯುವಾಗ ಅಳು ಬಂತು. ಮಲಗಿಕೊಂಡು ಕಾಲ್ಬೆರಳಿನಿಂದ ನೆತ್ತಿಯವರೆಗೆ ಮೈಯನ್ನು ಗಮನಿಸುವ ಬಾಡಿ ಸ್ಕ್ಯಾನ್‌ನಲ್ಲಿ ಮೊದಲ ಮೂರು ವಾರ ನಿದ್ದೆಯೇ ಮಾಡಿದೆ. ತರಬೇತಿ ಕೊಟ್ಟ ಮೇಡಂ, ನೀವು ನನ್ನನ್ನು ಎಬ್ಬಿಸಲಿಲ್ಲ. ಅದು ದೊಡ್ಡ ಉಪಕಾರ.

ನನ್ನ ಕೈ ಹಿಡಿದಿದ್ದು ನೀವು ನಾಲ್ಕನೇ ವಾರ ಹೇಳಿದ ಮಾತು. ಬೇರೆ ಸಮಯ ಹುಡುಕಬೇಡಿ, ಮಾಡುವ ಕೆಲಸದೊಳಗೇ ಒಂದು ಜಾಗ ನೋಡಿಕೊಳ್ಳಿ ಅಂದಿರಿ. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವ ಮುಂಚೆ ನಾವು ಕೈ ತೊಳೆಯಲೇಬೇಕು ಅಲ್ವಾ? ಸೋಪು ಹಚ್ಚಿ ಸರಿಯಾಗಿ ತೊಳೆದರೆ 40ರಿಂದ 60 ಸೆಕೆಂಡ್ ಬೇಕು. ನಾನು ಆ ಜಾಗ ಹಿಡಿದೆ. ನೀರಿನ ತಂಪು, ಬೆರಳ ಸಂದಿ, ಉಸಿರು. ಹಿಂದಿನ ಬೆಡ್ಡಿನವರ ಸಂಕಟ ಮರೆತುಹೋಗುವುದಿಲ್ಲ. ಆದರೆ ಮುಂದಿನವರ ಮುಖ ಕಾಣುತ್ತದೆ. ಈಗ ಯಾರಾದರೂ ನೀರು ಕೇಳಿದರೆ ನನಗೆ ಕೇಳಿಸುತ್ತದೆ.

ಇನ್ನೊಂದಕ್ಕೂ ಕೃತಜ್ಞತೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ಕೆಲಸದ ಒತ್ತಡದಿಂದ ಪೂರ್ತಿ ಬಳಲಿಹೋಗುವ ಬರ್ನ್‌ಔಟ್ ಅನ್ನು ಕಾಯಿಲೆ ಎನ್ನಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು ಅಂತ ನೀವು ವಿವರಿಸಿದಿರಿ. ಪಾಳಿಯಲ್ಲಿ ಜನ ಕಡಿಮೆ ಇದ್ದರೆ ಉಸಿರಾಟದ ಅಭ್ಯಾಸ ಅದಕ್ಕೆ ಮದ್ದಲ್ಲ ಎಂದೂ ಹೇಳಿದಿರಿ. ನನ್ನಲ್ಲೇ ಏನೋ ಕೊರತೆ ಇದೆ ಎಂದು ತಿಂಗಳುಗಟ್ಟಲೆ ಕೊರಗಿದ್ದೆ. ಅವತ್ತು ಮನೆಗೆ ಹಗುರಾಗಿ ಹೋದೆ.

ಎಂಟು ಭಾನುವಾರವೂ ನನ್ನ ಡ್ಯೂಟಿ ಹಂಚಿಕೊಂಡ ಗೆಳತಿಯರೇ, ನಿಮ್ಮ ಮನೆಯಲ್ಲೂ ಪುಟ್ಟ ಮಕ್ಕಳಿದ್ದಾರೆ. ನನಗೆ ಗೊತ್ತು. ಅತ್ತೆ, ದಿನಾ 45 ನಿಮಿಷ ನಾನು ಬಾಗಿಲು ಹಾಕಿಕೊಂಡು ಕೂತಾಗ ಒಂದು ಪ್ರಶ್ನೆ ಕೇಳದೆ ಮಕ್ಕಳನ್ನು ಟ್ಯಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋದಿರಿ. ಮೊಣಕಾಲು ನೋವಿದ್ದರೂ ಹೋದಿರಿ.

ಇನ್‌ಚಾರ್ಜ್ ಸಿಸ್ಟರ್, ಎಂಟು ವಾರ ಮುಗಿಯಿತು. ಅರ್ಜಿ ಹರಿದು ಹಾಕಿದ್ದೇನೆ. ನಾಳೆ ನೈಟ್ ಡ್ಯೂಟಿಗೆ ಬರುತ್ತೇನೆ.