ಆರು ಗಾಳಕ್ಕೆ ಎಷ್ಟು ಸೀಸ?

ಬೇ ಸಿಟಿ, ಮಿಷಿಗನ್
ಜುಲೈ 6

ಪ್ರೀತಿಯ ಅಣ್ಣಯ್ಯನಿಗೆ ನಮಸ್ಕಾರಗಳು.

ಈ ತಿಂಗಳ ಕೊನೆಯವರೆಗೂ ಮೀನುಗಾರಿಕೆ ನಿಷೇಧ ಇರುವುದರಿಂದ ಬೋಟು ಗಂಗೊಳ್ಳಿಯಲ್ಲೇ ನಿಂತಿರಬೇಕು. ಓದಲು ನಿನಗೆ ಪುರುಸೊತ್ತಿದೆ ಎಂದು ಉದ್ದವಾಗಿಯೇ ಬರೆಯುತ್ತಿದ್ದೇನೆ. ಇಬ್ಬರೇ ಕುಳಿತ ಸಣ್ಣ ದೋಣಿ ಆರು ಗಾಳ ಎಳೆದುಕೊಂಡು ಹೋದರೆ ದಾರಗಳು ಸುತ್ತಿಕೊಳ್ಳುವುದಿಲ್ಲವೇ, ಗಾಳ ಮುಳುಗಲು ಎಷ್ಟು ಸೀಸ ಕಟ್ಟುತ್ತೀರಿ ಎಂದು ಕೇಳಿದ್ದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ.

ಇಲ್ಲಿನ ಕಾನೂನಿನ ಪ್ರಕಾರ ಒಬ್ಬರು ಮೂರು ಗಾಳ ಹಾಕಬಹುದು. ನಾನು ಮತ್ತು ದೋಣಿಯ ಒಡೆಯರಾದ ನೆರೆಮನೆಯ ಹಿರಿಯರು ಸೇರಿದರೆ ಆರು. ಹೋಗುವುದು ಹ್ಯೂರಾನ್ ಸರೋವರದ ಸ್ಯಾಗಿನಾ ಕೊಲ್ಲಿಗೆ. ಒಳಕೊಲ್ಲಿಯ ಸರಾಸರಿ ಆಳ ಸುಮಾರು 5 ಮೀಟರ್ ಅಷ್ಟೇ. ಸಿಗುವ ಮೀನು ವಾಲಾಯ್. ಹೊರಗಿನಿಂದ ಬಂದ ಏಲ್‌ವೈಫ್ ಎಂಬ ಮೀನು ಅದರ ಮರಿಗಳನ್ನು ತಿಂದು ಹಾಕುತ್ತಿತ್ತು. 2003ರ ಹೊತ್ತಿಗೆ ಏಲ್‌ವೈಫ್ ಕುಸಿದ ಮೇಲೆ ವಾಲಾಯ್ ತಾನಾಗಿಯೇ ಹೆಚ್ಚಿತು, 2006ರಿಂದ ಮರಿ ತಂದು ಬಿಡುವ ಅಗತ್ಯವೂ ಉಳಿಯಲಿಲ್ಲ. ಒಂದು ನೀರು ಹೀಗೆ ಚೇತರಿಸಿಕೊಂಡದ್ದನ್ನು ಕಾಣುವುದೇ ನನಗೆ ದೊಡ್ಡ ಸಂತೋಷ.

ದೋಣಿಯ ಎರಡೂ ಪಕ್ಕಕ್ಕೆ ಮೂರು ಮೂರು ದಾರ. ಪ್ರತಿ ದಾರಕ್ಕೂ ಪ್ಲೇನರ್ ಬೋರ್ಡ್ ಎಂಬ ತೇಲುವ ಪುಟ್ಟ ಹಲಗೆ ಸಿಕ್ಕಿಸುತ್ತೇವೆ. ದೋಣಿ ಸಾಗಿದಂತೆ ಅದು ನೀರಿನ ಒತ್ತಡಕ್ಕೆ ಪಕ್ಕಕ್ಕೆ ಸರಿದು ದಾರವನ್ನು ದೂರ ಒಯ್ಯುತ್ತದೆ. ಟ್ರಾಲ್ ಬಲೆಯ ಬಾಯಿ ಅಗಲಿಸುವ ನಿಮ್ಮ ಹಲಗೆಗಳ ಕೆಲಸವೇ ಇದು. ಇನ್ನು ಸೀಸ: ದೋಣಿಗೆ ಹತ್ತಿರದ ದಾರಕ್ಕೆ 2 ಔನ್ಸ್, ನಡುವಿನದಕ್ಕೆ ಒಂದೂವರೆ, ಹೊರಗಿನದಕ್ಕೆ 1. ಒಂದು ಔನ್ಸ್ ಅಂದರೆ ಸುಮಾರು 28 ಗ್ರಾಂ. ಭಾರದ್ದು ಒಳಗೇ ಏಕೆಂದರೆ, ಹೊರಗಿನ ಗಾಳಕ್ಕೆ ಸಿಕ್ಕ ಮೀನನ್ನು ಒಳಗಿನ ದಾರಗಳ ಮೇಲಿಂದ ಹಾಯಿಸಿ ಹಿಂದಕ್ಕೆ ತರಬೇಕು. ಒಳಗಿನವು ತಗ್ಗಿನಲ್ಲಿದ್ದರೆ ಸಿಕ್ಕು ಬೀಳುವುದಿಲ್ಲ. ಮೇಲ್ನೀರಿನ ಮೀನು ದೋಣಿಯ ಸದ್ದಿಗೆ ಪಕ್ಕಕ್ಕೆ ಸರಿಯುವುದೂ ಉಂಟು, ಆಗ ಹೊರಗಿನ ಹಗುರ ಗಾಳ ಅದರ ದಾರಿಯಲ್ಲೇ ಇರುತ್ತದೆ.

ಆದರೆ ಸೀಸವನ್ನು ಆರಿಸುವ ಮೊದಲು ವೇಗವನ್ನು ಆರಿಸಬೇಕು. ಇದನ್ನು ಇಲ್ಲಿ ಹಲವರು ತಿರುಗುಮುರುಗಾಗಿ ಮಾಡುವುದನ್ನು ನೋಡುತ್ತೇನೆ. ನಾವು ಎರೆಹುಳು ಪೋಣಿಸಿದ ಗಾಳದ ಮುಂದೆ ತಿರುಗುವ ಸಣ್ಣ ತಗಡು ಕಟ್ಟುತ್ತೇವೆ. ಅಗಲವಾದ ದುಂಡು ತಗಡು ಗಂಟೆಗೆ 1 ಮೈಲಿ ವೇಗಕ್ಕೇ ತಿರುಗುತ್ತದೆ, ಎಲೆಯಂತೆ ಉದ್ದವಾದದ್ದಕ್ಕೆ ಇನ್ನಷ್ಟು ಬೇಕು. ಹಾಗಾಗಿ ಹುಳುವಿಗೆ 1.0ರಿಂದ 1.5 ಮೈಲಿ ನಮ್ಮ ಸೀಮೆ. ನಿನ್ನ ಲೆಕ್ಕದಲ್ಲಿ ಒಂದು ನಾಟ್ ಆಸುಪಾಸು. ವೇಗ ಇಮ್ಮಡಿಯಾದರೆ ನೀರಿನ ಎಳೆತ ಸುಮಾರು ನಾಲ್ಕು ಪಟ್ಟಾಗುತ್ತದೆ. 1.2ರಿಂದ 1.7ಕ್ಕೆ ಏರಿಸಿದರೆ ಸಾಕು, ಎಳೆತ ಎರಡು ಪಟ್ಟು. ಗಾಳ ಅದೇ ಆಳದಲ್ಲಿರಬೇಕಾದರೆ 1 ಔನ್ಸ್ ಇದ್ದಲ್ಲಿ ಹೆಚ್ಚುಕಡಿಮೆ 2 ಬೇಕು. ಹುಳುವಿನ ಬದಲು ಕಟ್ಟುವ, ಮೂತಿಗೆ ಪಟ್ಟಿ ಇರುವ ಹುಸಿಮೀನು ಹಾಗಲ್ಲ. ಅದು ಎಳೆದಂತೆ ತಾನೇ ಮುಳುಗುತ್ತದೆ, ವೇಗ ಹೆಚ್ಚಿದರೂ ಆಳ ಅಷ್ಟಾಗಿ ಬದಲಾಗುವುದಿಲ್ಲ, ಬೇಸಿಗೆಯಲ್ಲಿ 2 ಮೈಲಿಗೂ ಚೆನ್ನಾಗಿ ನಡೆಯುತ್ತದೆ. ಆದ್ದರಿಂದ ಹುಳುವನ್ನೂ ಹುಸಿಮೀನನ್ನೂ ಒಂದೇ ದೋಣಿಯ ಹಿಂದೆ ಬೆರೆಸುವುದು ನನಗೆ ಸರಿ ಕಾಣುವುದಿಲ್ಲ: ಎರಡರಲ್ಲಿ ಒಂದಕ್ಕೆ ವೇಗ ತಪ್ಪಿಯೇ ತಪ್ಪುತ್ತದೆ.

ಯಾವ ವೇಗ ಸರಿ ಎಂದು ಹೇಳುವುದು ತಿರುವು. ದೋಣಿಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದರೆ ಎಡಗಡೆಯ ಗಾಳಗಳು ವೇಗ ಕಳೆದುಕೊಂಡು ಕೆಳಗಿಳಿಯುತ್ತವೆ, ಬಲಗಡೆಯವು ವೇಗ ಪಡೆದು ಮೇಲೇರುತ್ತವೆ. ಎಡಗಡೆಯಲ್ಲೇ ಮೀನು ಮತ್ತೆ ಮತ್ತೆ ಕಚ್ಚಿದರೆ ವೇಗ ಇಳಿಸುತ್ತೇವೆ. ಆಗಲೂ ನೇರ ಹಾದಿಯಲ್ಲಿ ಕಚ್ಚದಿದ್ದರೆ ಹಳೆಯ ವೇಗಕ್ಕೇ ಮರಳಿ ಅರ್ಧ ಔನ್ಸ್ ಸೇರಿಸಿ ನೋಡುತ್ತೇವೆ. ಒಮ್ಮೆಗೆ ಒಂದನ್ನೇ ಬದಲಿಸುವುದು ನಮ್ಮ ಹಿರಿಯರ ಕಟ್ಟುನಿಟ್ಟು.

ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗ, ಗಾಳಕ್ಕೆ ತಾಗುವುದು ನೀರಿನೊಳಗಿನದು. ಗಾಳಿ ಬೀಸಿದ ಮರುದಿನ ನೀರಿನಲ್ಲಿ ಸೆಳೆತವಿದ್ದರೆ ಹೋಗುವಾಗಿನ 1.2 ಬೇರೆ, ಮರಳುವಾಗಿನ 1.2 ಬೇರೆ. ಆಗ ಅಂಕಿಯನ್ನು ಬಿಟ್ಟು ದಾರದ ಓರೆಯನ್ನೇ ನೋಡಬೇಕಾಗುತ್ತದೆ. ಇಲ್ಲೇ ನಿನ್ನ ಸಹಾಯ ಬೇಕು. ರೋಪಿನ ಓರೆ ನೋಡಿಯೇ ಬಲೆ ತಳ ಮುಟ್ಟಿದೆಯೋ ಇಲ್ಲವೋ ಎಂದು ನೀನು ಹೇಳುತ್ತಿದ್ದೆ. ಸೆಳೆತ ಎದುರಾದಾಗ ಮೊದಲು ರೋಪು ಬಿಡುತ್ತೀಯೋ, ಎಂಜಿನ್ ಇಳಿಸುತ್ತೀಯೋ? ಆಗಸ್ಟ್‌ನಲ್ಲಿ ಕಡಲಿಗೆ ಇಳಿಯುವ ಮೊದಲೇ ಬರೆದು ತಿಳಿಸು.

ಅಮ್ಮನ ಮೊಣಕಾಲು ನೋವಿಗೆ ಹೊಸ ಔಷಧಿ ಹಿಡಿಸಿತೇ? ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುದ್ದು.

ನಿನ್ನ ತಮ್ಮ