ಬಾಲ್ ಯಾಕೆ ತೇಲುತ್ತಿದೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಕೈಯಲ್ಲಿ ಬಿಡಿಸಿ ಕಳಿಸಿದ ಆ್ಯನಿಮೇಷನ್ ವಿಡಿಯೋವನ್ನು ಹತ್ತು ಸಲ ನೋಡಿದೆ. ಮೇಜಿನ ಮೇಲಿಂದ ಬಾಲ್ ಬೀಳುತ್ತದೆ, ನೆಲಕ್ಕೆ ಬಡಿದು ಮತ್ತೆ ಏಳುತ್ತದೆ. "ಅಪ್ಪಾ, ಇದು ಬೀಳ್ತಾ ಇಲ್ಲ, ತೇಲ್ತಾ ಇದೆ, ಎಲ್ಲಿ ತಪ್ಪಿದೆ?" ಅಂತ ಕೇಳಿದ್ದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹಾಸ್ಟೆಲಿನಲ್ಲಿ ನಿನ್ನ ಮೇಜಿನ ಎದುರು ಅಂಟಿಸಿಕೋ.

ಗೆರೆಯಲ್ಲಿ ತಪ್ಪೇನೂ ಇಲ್ಲ. ಎಣಿಕೆ ತಪ್ಪಿದೆ. ವಿಡಿಯೋ ನಿಲ್ಲಿಸಿ ನಿಲ್ಲಿಸಿ ಎಣಿಸಿದೆ, ಮೇಜಿನಿಂದ ನೆಲದವರೆಗೆ 12 ಚಿತ್ರ ಬಿಡಿಸಿದ್ದೀಯ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು, ಅಂದರೆ ಪರದೆಯ ಮೇಲೆ 24 ಸಲ ಚಿತ್ರ ಬರುತ್ತದೆ. ಕೈಯಲ್ಲಿ ಬಿಡಿಸುವಾಗ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮು ನಿಲ್ಲಿಸುತ್ತೇವೆ. ಅಂದರೆ 12 ಚಿತ್ರಕ್ಕೆ ಪೂರ್ತಿ ಒಂದು ಸೆಕೆಂಡು ಆಯಿತು. ಒಂದು ಸೆಕೆಂಡಿನಲ್ಲಿ ಬಾಲ್ 16 ಅಡಿ ಬೀಳುತ್ತದೆ ಕಣೇ! ಎರಡೂವರೆ ಅಡಿ ಎತ್ತರದ ಮೇಜಿಗೆ ಸುಮಾರು 10 ಫ್ರೇಮು ಸಾಕು. ಬರೀ 5 ಚಿತ್ರ.

ಇನ್ನು ಅಂತರ. ನೀನು ಎಲ್ಲ ಚಿತ್ರಗಳನ್ನೂ ಸಮ ಸಮ ದೂರದಲ್ಲಿ ಇಟ್ಟಿದ್ದೀಯ. ಬೀಳುವ ವಸ್ತು ಮೊದಲು ನಿಧಾನ, ಆಮೇಲೆ ಜೋರು. ಲೆಕ್ಕ ಸುಲಭ: 1, 3, 5, 7, 9. ಕೂಡಿದರೆ 25 ಪಾಲು. ಮೇಜು 75 ಸೆಂಟಿಮೀಟರ್ ಅಂದುಕೋ, ಪಾಲಿಗೆ 3 ಸೆಂಟಿಮೀಟರ್ ಬಂತು. ಮೊದಲ ಚಿತ್ರದಲ್ಲಿ ಬಾಲ್ 3 ಸೆಂಟಿಮೀಟರ್ ಇಳಿದಿರಬೇಕು. ಎರಡನೆಯದರಲ್ಲಿ 12, ಆಮೇಲೆ 27, ಆಮೇಲೆ 48, ಕೊನೆಗೆ 75, ಅಂದರೆ ನೆಲ. ಇದೇ ಪ್ರಮಾಣವನ್ನು ನಿನ್ನ ಹಾಳೆಯ ಅಳತೆಗೆ ಇಳಿಸಿಕೋ. ಕೊನೆಯ ಎರಡು ಚಿತ್ರಗಳ ನಡುವಿನ ಖಾಲಿ ಜಾಗ ನೋಡಿ ನಿನಗೆ ಭಯವಾಗುತ್ತದೆ. ಇನ್ನೊಂದು ಚಿತ್ರ ತುಂಬಿಸೋಣ ಅನ್ನಿಸುತ್ತದೆ. ತುಂಬಿಸಬೇಡ ಪುಟ್ಟಿ. ಬಾಲಿನ ಭಾರ ಇರುವುದೇ ಆ ಖಾಲಿ ಜಾಗದಲ್ಲಿ.

ನೆಲ ಮುಟ್ಟಿದಾಗ ಬಾಲ್ ಚಪ್ಪಟೆಯಾಗಲಿ, ಆದರೆ ಎಷ್ಟು ಕುಗ್ಗಿತೋ ಅಷ್ಟು ಅಗಲವಾಗಬೇಕು. ಇಲ್ಲದಿದ್ದರೆ ಗಾಳಿ ಹೋದ ಹಾಗೆ ಕಾಣುತ್ತದೆ. ರಬ್ಬರ್ ಬಾಲಿಗೆ ಜಾಸ್ತಿ ಚಪ್ಪಟೆ, ಕ್ರಿಕೆಟ್ ಬಾಲಿಗೆ ಬೇಡವೇ ಬೇಡ.

ನಡುವಿನ ಚಿತ್ರ ಎಲ್ಲಿ ಕೂರಬೇಕು ಅನ್ನುವ ಪಾಠ ನನಗೆ ಬಾಲಿನಿಂದ ಬಂದದ್ದಲ್ಲ. ನೀನು ಹುಟ್ಟುವ ಮೊದಲು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ನಾಲ್ಕು ವರ್ಷ ಇನ್‌ಬಿಟ್ವೀನ್ ಮಾಡುತ್ತಿದ್ದೆನಲ್ಲ, ಆಗಿನ ಮಾತು. ದೊಡ್ಡ ಕಲಾವಿದರು ಮುಖ್ಯವಾದ ಕೀ ಚಿತ್ರ ಬಿಡಿಸಿ ಕೊಡುತ್ತಿದ್ದರು. ನಡುವಿನವು ನಮ್ಮ ಪಾಲು. ಒಬ್ಬ ಅಜ್ಜ ಎಡಗಡೆಯಿಂದ ಬಲಗಡೆಗೆ ತಿರುಗಿ ನೋಡುವ ದೃಶ್ಯ ಬಂತು. ನಾನು ಸ್ಕೇಲು ಇಟ್ಟು ಮೂಗಿನಿಂದ ಮೂಗಿಗೆ ಅಳೆದು, ಸರಿಯಾಗಿ ಮಧ್ಯಕ್ಕೆ ಬಿಡಿಸಿದೆ. ನಮ್ಮ ಸೀನಿಯರ್ ಐದು ಹಾಳೆ ಹಿಡಿದು ಒಮ್ಮೆ ಪಟಪಟ ಆಡಿಸಿದರು. ಅಜ್ಜನ ಮುಖ ಸ್ಲೈಡಿಂಗ್ ಬಾಗಿಲಿನ ಹಾಗೆ ಜಾರಿತು. ಅವರು ಏನೂ ಮಾತಾಡಲಿಲ್ಲ. ನೀಲಿ ಪೆನ್ಸಿಲ್ ತೆಗೆದುಕೊಂಡು ಮೂರನೆಯ ಹಾಳೆಯಲ್ಲಿ ಗದ್ದವನ್ನು ಅರ್ಧ ಇಂಚು ಕೆಳಗಿಳಿಸಿದರು. ಕಣ್ಣನ್ನು ಅರ್ಧ ಮುಚ್ಚಿದರು. ಮತ್ತೆ ಆಡಿಸಿದರು. ಅಜ್ಜ ತಿರುಗಿ ನೋಡಿದ. ನನ್ನ ಮೈ ಜುಮ್ಮೆಂದಿತು. ಮೈಯಲ್ಲಿ ಯಾವುದೂ ನೇರ ಗೆರೆಯಲ್ಲಿ ಚಲಿಸುವುದಿಲ್ಲ, ಕಮಾನಿನ ಹಾಗೆ ಬಾಗಿ ಹೋಗುತ್ತದೆ ಅಂತ ಆವತ್ತು ನನಗೆ ತಿಳಿಯಿತು.

ಆ ಸೀನಿಯರ್ ಮುಂಬೈನಲ್ಲಿ ಕಲಿತವರು. ನಮ್ಮ ದೇಶದಲ್ಲಿ ಈ ವಿದ್ಯೆ ಹೀಗೇ ಕೈಯಿಂದ ಕೈಗೆ ಬಂದಿದೆ. ಅಮೆರಿಕದ ಡಿಸ್ನಿ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಅನ್ನುವವರು 1956ರಲ್ಲಿ ಮುಂಬೈನ ಫಿಲ್ಮ್ಸ್ ಡಿವಿಷನ್ ಅನ್ನುವ ಸರ್ಕಾರಿ ಚಿತ್ರಸಂಸ್ಥೆಗೆ ಬಂದು ನಮ್ಮವರಿಗೆ ತರಬೇತಿ ಕೊಟ್ಟರು. ಅಲ್ಲಿ ಕಲಿತವರಲ್ಲಿ ರಾಮ್ ಮೋಹನ್ ಒಬ್ಬರು. ಭಾರತದ ಆ್ಯನಿಮೇಷನ್ನಿಗೆ ಅವರು ಹಿರಿಯಣ್ಣ. ಅವರ ಕೆಲಸಗಳನ್ನು ಹುಡುಕಿ ನೋಡು.

ಬಾಲ್ ಸರಿಯಾದ ಮೇಲೆ ಮುಂದಿನದು ನಡಿಗೆ ಅಂತ ಕ್ಲಾಸಿನಲ್ಲಿ ಹೇಳಿದ್ದಾರೆ ಅಲ್ವಾ. ನನ್ನ ಮಾತು ಕೇಳುವುದಾದರೆ, ನಡಿಗೆಗೆ ಮೊದಲು ಅಜ್ಜಿ ಬಾವಿಕಟ್ಟೆಯಿಂದ ಕೊಡ ಎತ್ತುವುದನ್ನು ಬಿಡಿಸು. ಕಣ್ಣು ಮುಚ್ಚಿ ನೆನಪಿಸಿಕೋ. ಎತ್ತುವ ಮುಂಚೆ ಅಜ್ಜಿ ಮೊದಲು ಬಗ್ಗುತ್ತಾರೆ, ಉಸಿರು ಬಿಗಿ ಹಿಡಿಯುತ್ತಾರೆ. ಕೊಡ ಸೊಂಟಕ್ಕೆ ಬಂದ ಕೂಡಲೇ ಮೈ ಇನ್ನೊಂದು ಕಡೆಗೆ ವಾಲುತ್ತದೆ, ಖಾಲಿ ಕೈ ಹೊರಗೆ ಚಾಚುತ್ತದೆ. ಖಾಲಿ ಕೊಡವನ್ನೂ ತುಂಬಿದ ಕೊಡವನ್ನೂ ಒಂದೇ ಥರ ಬಿಡಿಸಬಹುದು. ನೀರು ಇದೆಯೋ ಇಲ್ಲವೋ ಅಂತ ತೋರಿಸುವುದು ಅಜ್ಜಿಯ ಬೆನ್ನು.

ನನ್ನ ಹಳೆಯ ಪೆಗ್ ಬಾರ್, ಹಾಳೆಯ ತೂತುಗಳನ್ನು ಸಿಕ್ಕಿಸುವ ಪಟ್ಟಿ, ಕಳಿಸುತ್ತಿದ್ದೇನೆ. ನಡುವೆ ದುಂಡು ಗೂಟ, ಅಕ್ಕಪಕ್ಕ ಚಪ್ಪಟೆ ಗೂಟ. ಇದರಲ್ಲಿ ಕೂರಿಸಿದ ಹಾಳೆ ಒಂದು ಕೂದಲೆಳೆಯೂ ಅಲ್ಲಾಡುವುದಿಲ್ಲ. ಹಾಳೆಯ ಅಡಿಯಿಂದ ಬೆಳಕು ಬಿಡುವ ಲೈಟ್ ಬಾಕ್ಸಿನ ಕೆಳಗಿನ ಅಂಚಿಗೆ ಅಂಟಿಸಿಕೋ. ಹಾಗಿದ್ದರೆ ಹಾಳೆಗಳ ಮೇಲ್ತುದಿಯನ್ನು ಬೆರಳುಗಳ ಸಂದಿಯಲ್ಲಿ ಹಿಡಿದು ಹಿಂದೆ ಮುಂದೆ ಮಾಡಬಹುದು. ನಾನು ಎಡಗೈಯಲ್ಲಿ ಆಡಿಸುತ್ತಿದ್ದೆ. ನೀನು ಎಡಗೈಯಲ್ಲಿ ಬರೆಯುವವಳು, ಬಲಗೈಗೆ ಅಭ್ಯಾಸ ಮಾಡಿಸು. ಒಂದು ವಾರ ಹಾಳೆಗಳು ಜಾರಿ ಬೀಳುತ್ತವೆ, ಆಮೇಲೆ ಬೆರಳುಗಳಿಗೇ ಗೊತ್ತಾಗುತ್ತದೆ. ನಾಲ್ಕು ಗೆರೆ ಎಳೆದಾಗಲೆಲ್ಲ ಆಡಿಸಿ ನೋಡು. ಎಲ್ಲ ಮುಗಿಸಿ ಆಮೇಲೆ ಫೋನಿನಲ್ಲಿ ತೆಗೆದು ನೋಡೋಣ ಅಂತ ಕೂರಬೇಡ.

ಪಾರ್ಸೆಲ್ಲಿನಲ್ಲಿ ಅಮ್ಮ ಕೋಡುಬಳೆ ಇಟ್ಟಿದ್ದಾಳೆ. ಎಣ್ಣೆ ಕೈಯಲ್ಲಿ ಹಾಳೆ ಮುಟ್ಟಬೇಡ, ಲೈಟ್ ಹಾಕಿದಾಗ ಕಲೆ ಎದ್ದು ಕಾಣುತ್ತದೆ. ಐದು ಚಿತ್ರದ ಬಾಲ್ ಆದ ಕೂಡಲೇ ಕಳಿಸು, ಎಷ್ಟು ಹೊತ್ತಾದರೂ ಪರವಾಗಿಲ್ಲ, ನಾನು ಎದ್ದಿರುತ್ತೇನೆ.

ಇಂತಿ ನಿನ್ನ
ಅಪ್ಪ